ಕೊಲೈಟಿಸ್ ಇರುವ ತಂದೆಯ ದಿನಚರಿ: ನನ್ನ ಅನುಭವ

ಅಲ್ಸರೇಟಿವ್ ಕೊಲೈಟಿಸ್ ಎಂಬುದು ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವೆದ್ದು ಹುಣ್ಣಾಗುವ ಕಾಯಿಲೆ. ಗುದನಾಳದಿಂದ ಮೇಲಕ್ಕೆ ಹಬ್ಬುವ ಇದು ಕೆಲಕಾಲ ಅಡಗಿದ್ದು ಮತ್ತೆ ಕೆರಳುತ್ತದೆ. ಔಷಧಗಳಿಂದ ಹತೋಟಿಗೆ ಬರುತ್ತದೆಯೇ ಹೊರತು ಬೇರುಸಹಿತ ಹೋಗುವುದಿಲ್ಲ. ರಕ್ತ ಕಂಡಾಗ ಮೂಲವ್ಯಾಧಿಯೆಂದೂ ಲೋಳೆ ಕಂಡಾಗ ಆಮಶಂಕೆಯೆಂದೂ ಮದ್ದು ಮಾಡಿಸಿಕೊಂಡು, ಕೊನೆಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮತ್ತು ಬಯಾಪ್ಸಿಯಿಂದ (ಒಳಪದರದ ಚೂರನ್ನು ತೆಗೆದು ಮಾಡುವ ಪರೀಕ್ಷೆ) ರೋಗದ ಹೆಸರು ಖಚಿತವಾಗುವ ಹೊತ್ತಿಗೆ ನನ್ನ ಮಗಳು ಶಾಲೆಗೆ ಸೇರಿದ್ದಳು. ಮಗ ಹುಟ್ಟಿದ್ದು ಆಮೇಲೆ.

ಕಾಯಿಲೆ ಕೆರಳಿದಾಗ ಬೆಳಗಿನ ಹೊತ್ತು ನನ್ನ ಕೈಯಲ್ಲಿರುವುದಿಲ್ಲ. ಶೌಚಕ್ಕೆ ಹೋಗಿಬಂದ ಸ್ವಲ್ಪ ಹೊತ್ತಿನಲ್ಲೇ ಮತ್ತೆ ತಡೆಯಲಾಗದ ಅವಸರವಾಗುತ್ತದೆ. ಶಾಲೆಯ ವ್ಯಾನು ಬರುವುದೂ ಅದೇ ಸಮಯಕ್ಕೆ. ಹೀಗಾಗಿ ಜಡೆ ಹಾಕಿ, ಡಬ್ಬಿ ಕಟ್ಟಿ ಮಗಳನ್ನು ಕಳುಹಿಸುವ ಕೆಲಸ ನನ್ನ ಹೆಂಡತಿಯದಾಯಿತು. ಸಂಜೆಯ ಪಾಠ, ಸ್ನಾನ, ಊಟ ಮತ್ತು ಮಲಗಿಸುವುದು ನನ್ನದಾಯಿತು. ನಾನು ಚೆನ್ನಾಗಿರುವ ತಿಂಗಳುಗಳಲ್ಲೂ ಈ ಹಂಚಿಕೆಯನ್ನು ನಾವು ಬದಲಿಸುವುದಿಲ್ಲ. ಜಡೆ ಹಾಕುವವರು ಬದಲಾದರೆಂದರೆ ಅಪ್ಪನಿಗೆ ಮತ್ತೆ ಜೋರಾಗಿದೆ ಎಂದು ಮಗು ಲೆಕ್ಕ ಹಾಕುವಂತಾಗಬಾರದು ಎಂಬುದು ನಮ್ಮಿಬ್ಬರ ನಿಲುವು.

ರಾತ್ರಿ ಮಲಗುವಾಗ ಮೆಸಲಮಿನ್ ಎನಿಮಾ, ಅಂದರೆ ಉರಿಯೂತ ತಗ್ಗಿಸಲು ಗುದದ್ವಾರದ ಮೂಲಕ ಒಳಬಿಡುವ ದ್ರವ ಔಷಧ, ತೆಗೆದುಕೊಂಡು, ಎಡಮಗ್ಗುಲಾಗಿ ಮಲಗಿ, ಔಷಧವನ್ನು ಬೆಳಗಿನವರೆಗೆ ಒಳಗೇ ಉಳಿಸಿಕೊಳ್ಳಬೇಕು. ಆದ್ದರಿಂದ ಮಗಳ ಹಾಸಿಗೆ ನನ್ನ ಎಡಕ್ಕೆ ಬಂದಿತು, ಕಥೆಗಳೆಲ್ಲ ಆ ಮಗ್ಗುಲಿನಲ್ಲೇ ನಡೆದವು. ಈ ಔಷಧದ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗುವುದಿಲ್ಲ. ಹಳೆಯ ದುಪ್ಪಟಿಯೊಂದನ್ನು ಅದಕ್ಕೆಂದೇ ಮೀಸಲಿಡುವುದು ಒಳ್ಳೆಯದು.

ನನ್ನ ಮಟ್ಟಿಗೆ ಹೊಟ್ಟೆನೋವಿಗಿಂತ ಕಠಿಣವಾದದ್ದು ಪ್ರೆಡ್ನಿಸೊಲೋನ್ ಕಾಲ. ಈ ಸ್ಟೆರಾಯ್ಡ್ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸುವಂತಿಲ್ಲ, ವಾರಗಳ ಕಾಲ ಹಂತಹಂತವಾಗಿ ಇಳಿಸಬೇಕು. ಅಷ್ಟರಲ್ಲಿ ಮುಖ ಊದಿಕೊಳ್ಳುತ್ತದೆ, ನಿದ್ದೆ ಹಾರಿಹೋಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಮಾತ್ರೆ ಶುರುವಾದ ದಿನವೇ ಮಗಳನ್ನು ಕೂರಿಸಿಕೊಂಡು, “ಅಪ್ಪನ ಕರುಳಿನಲ್ಲಿ ಹುಣ್ಣಾಗಿದೆ ಪುಟ್ಟಿ, ಅದು ನಿನಗೆ ಅಂಟುವುದಿಲ್ಲ, ನಿನ್ನಿಂದ ಬಂದದ್ದೂ ಅಲ್ಲ, ಈ ಮಾತ್ರೆ ಮುಗಿಯುವ ತನಕ ನನಗೆ ಬೇಗ ಸಿಟ್ಟು ಬರುತ್ತದೆ” ಎಂದು ಹೇಳಿದೆ. ಗಣಿತದ ಪಾಠವನ್ನು ಮಾತ್ರ ಆ ವಾರಗಳಲ್ಲಿ ಹೆಂಡತಿಗೆ ಒಪ್ಪಿಸಿದೆ, ಏಕೆಂದರೆ ನಮ್ಮ ಜಗಳಗಳೆಲ್ಲ ಮಗ್ಗಿಯ ಸುತ್ತಲೇ ಏಳುತ್ತಿದ್ದವು.

ಮಗ ಹುಟ್ಟುವಾಗ ನಾನು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಸೇವಿಸುತ್ತಿದ್ದೆ. ಇಂಥ ಮನೆಯವರು ಮಗುವಿನ ಲಸಿಕೆಗೆ ಮೊದಲೇ ಈ ವಿಷಯವನ್ನು ಮಕ್ಕಳ ವೈದ್ಯರಿಗೆ ತಿಳಿಸಬೇಕು. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿಯೂ ರೋಟಾವೈರಸ್ ಲಸಿಕೆಯಲ್ಲಿಯೂ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ, ಅದು ಕೆಲವು ವಾರ ಮಗುವಿನ ಮಲದಲ್ಲಿ ಹೊರಬರಬಹುದು. ವೈದ್ಯರು ಪೋಲಿಯೊಗೆ ಚುಚ್ಚುಮದ್ದನ್ನೇ ಆರಿಸಿದರು. ರೋಟಾವೈರಸ್ ಲಸಿಕೆ ಕೊಟ್ಟ ನಂತರದ ವಾರಗಳಲ್ಲಿ ಲಂಗೋಟಿ ಬದಲಿಸುವ ಕೆಲಸ ನನಗೆ ತಪ್ಪಿತು. (ಹೆಂಡತಿ ಇದನ್ನು ಈಗಲೂ ಆಡಿಕೊಳ್ಳುತ್ತಾಳೆ.)

ಊಟದ ವಿಷಯದಲ್ಲಿ ನೆಂಟರ ಸಲಹೆಗಳಿಗೆ ಕೊನೆಯಿಲ್ಲ. ಹುಣ್ಣನ್ನು ಮಾಯಿಸುವ ಪಥ್ಯ ಯಾವುದನ್ನೂ ನಾನು ಕಂಡಿಲ್ಲ. ಕೆರಳಿದಾಗ ಮೆತ್ತನೆಯ ಅನ್ನ ಮತ್ತು ಹೆಸರುಬೇಳೆಯ ತಿಳಿ ನನಗೆ ಒಗ್ಗುತ್ತವೆ. ಅಡುಗೆ ಎರಡಾಗದಿರಲೆಂದು ಖಾರ, ಒಗ್ಗರಣೆ ಬೀಳುವ ಮೊದಲೇ ನನ್ನ ಪಾಲನ್ನು ತೆಗೆದಿಡುತ್ತೇವೆ. ಹುಬ್ಬಳ್ಳಿಯ ಅತ್ತೆಯ ಮನೆಗೆ ಹೋಗಬೇಕಾದರೆ ತುಮಕೂರಿನಿಂದ ಬಸ್ಸಿನ ಬದಲು ರೈಲನ್ನೇ ಹಿಡಿಯುತ್ತೇವೆ, ಶೌಚಾಲಯ ಪಕ್ಕದಲ್ಲೇ ಇರುತ್ತದೆ ಎಂಬ ಒಂದೇ ಕಾರಣಕ್ಕೆ.

ಈಚೆಗೆ ಮಗಳು, “ನನಗೂ ಬರುತ್ತದೆಯೇ ಅಪ್ಪ?” ಎಂದು ಕೇಳಿದಳು. ಹೆತ್ತವರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಇತರರಿಗಿಂತ ಸ್ವಲ್ಪ ಹೆಚ್ಚು, ಆದರೂ ಅಂಥ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅದು ಬರುವುದೇ ಇಲ್ಲ. ಅದನ್ನೇ ಅವಳಿಗೆ ಹೇಳಿದೆ. ಶೌಚದಲ್ಲಿ ರಕ್ತ ಕಂಡರೆ ನಾಚಿಕೊಳ್ಳದೆ ಆ ದಿನವೇ ನಮಗೆ ತಿಳಿಸಬೇಕೆಂದೂ ಹೇಳಿದೆ. “ಸರಿ” ಎಂದು ಆಟಕ್ಕೆ ಹೊರಟುಹೋದಳು.