ಮರೆವು ಎಷ್ಟು ಮುಂದುವರಿದಿದೆ? ಅಳೆಯುವುದು ಹೀಗೆ

ನೆನಪು, ಯೋಚನಾಶಕ್ತಿ ಅಳೆಯುವ ಪರೀಕ್ಷೆಯಲ್ಲಿ 30ಕ್ಕೆ 22 ಬಂದ ಮಾತ್ರಕ್ಕೆ ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಎಂದು ಬರೆದುಬಿಡಲಾಗದು. ಹೆಚ್ಚು ಓದಿದವರು 28 ಅಂಕ ಪಡೆದೂ ಮನೆಯ ಲೆಕ್ಕಪತ್ರದಲ್ಲಿ ತಡವರಿಸಬಹುದು. ಓದು ಬಾರದವರು 20 ಪಡೆದೂ ಸಂಸಾರ ತೂಗಿಸುತ್ತಿರಬಹುದು. ಹಾಗಾಗಿ ಅಂಕದ ಜೊತೆಗೆ ದಿನದ ಬದುಕನ್ನೂ ಅಳೆಯಬೇಕು.

ಮೊದಲು ಕನ್ನಡಕ, ಶ್ರವಣಸಾಧನ ಹಾಕಿಸಿ. ಕೇಳಿಸದ ಪದವನ್ನು ನೆನಪಿಡುವುದಾದರೂ ಹೇಗೆ? ಜ್ವರ, ಸೋಂಕು, ಹೊಸದಾಗಿ ಶುರುವಾದ ನಿದ್ರೆ ಮಾತ್ರೆ ಇದ್ದರೆ ಪರೀಕ್ಷೆ ಮುಂದೂಡಿ. ಗೊಂದಲ ಎರಡು ಮೂರು ದಿನಗಳಲ್ಲೇ ದಿಢೀರ್ ಎದ್ದಿದ್ದರೆ ಅಂಕಪಟ್ಟಿ ಬದಿಗಿಟ್ಟು ಕೂಡಲೇ ವೈದ್ಯರಿಗೆ ತೋರಿಸಬೇಕು. ಖಿನ್ನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆಯೂ ಮರೆವಿನ ವೇಷ ಹಾಕುತ್ತವೆ.

ಆಮೇಲೆ ಎಂಎಂಎಸ್‌ಇ ಅಥವಾ ಮೋಕಾ, ಅಂದರೆ ನೆನಪು, ಗಮನ, ಭಾಷೆಯನ್ನು ಪ್ರಶ್ನೆ ಕೇಳಿ ಅಳೆಯುವ ಪರೀಕ್ಷೆಗಳು. ಎರಡಕ್ಕೂ 30 ಅಂಕ, ಹತ್ತು ಹದಿನೈದು ನಿಮಿಷದ ಕೆಲಸ. ಎಂಎಂಎಸ್‌ಇಯಲ್ಲಿ ದಿನ, ಸ್ಥಳದ ಪ್ರಶ್ನೆಗಳಿಗೇ 10 ಅಂಕ. ಆರಂಭದ ಹಂತದವರು ಅದನ್ನು ಸುಲಭವಾಗಿ ದಾಟಿಬಿಡುತ್ತಾರೆ. ಆದ್ದರಿಂದ ಆರಂಭದ ಹಂತಕ್ಕೆ ಮೋಕಾ ವಾಸಿ. ಅದರಲ್ಲಿ ಐದು ಪದ ಹೇಳಿ, ಸುಮಾರು ಐದು ನಿಮಿಷದ ನಂತರ ಕೇಳುತ್ತಾರೆ. ಗಡಿಯಾರ ಬರೆದು 11 ಗಂಟೆ 10 ನಿಮಿಷ ತೋರಿಸಲು ಹೇಳುತ್ತಾರೆ. ನಿಮಿಷದ ಮುಳ್ಳನ್ನು 2ರ ಬದಲು 10ರ ಮೇಲೆ ಇಟ್ಟರೆ ಗಮನಿಸಿ: ಕಿವಿಗೆ ಬಿದ್ದ ಸಂಖ್ಯೆ ಯೋಚನೆಯನ್ನು ಎಳೆದುಕೊಂಡು ಹೋಗಿದೆ. ನೂರರಿಂದ ಏಳೇಳು ಕಳೆಯುವಾಗ 92 ಎಂದು ತಪ್ಪಿ, ಮುಂದೆ 85 ಎಂದರೆ ಎರಡನೆಯದು ಸರಿಯೇ. ಶಾಲಾ ಕಲಿಕೆ 12 ವರ್ಷ ಅಥವಾ ಕಡಿಮೆ ಇದ್ದರೆ ಒಂದು ಅಂಕ ಸೇರಿಸಿ. 26ಕ್ಕಿಂತ ಕಡಿಮೆಯಾದರೆ ಮುಂದಿನ ತಪಾಸಣೆ ಬೇಕು, ಅಷ್ಟೇ, ಅದೇ ರೋಗನಿರ್ಣಯವಲ್ಲ. ಪಕ್ಕದಲ್ಲಿ ಕೂತ ಮನೆಯವರು ಉತ್ತರ ಪಿಸುಗುಟ್ಟದಂತೆ ನೋಡಿಕೊಳ್ಳಿ.

ನಿಜವಾದ ಸುಳಿವು ಸಿಗುವುದು ಮನೆಯವರನ್ನು ಪ್ರತ್ಯೇಕವಾಗಿ ಕೂರಿಸಿ ಮಾತಾಡಿದಾಗ. "ಹೇಗಿದ್ದಾರೆ?" ಎಂದರೆ "ಪರವಾಗಿಲ್ಲ" ಎನ್ನುತ್ತಾರೆ. "ಕಳೆದ ನಾಲ್ಕು ವಾರದಲ್ಲಿ ಬಿಲ್ ಕಟ್ಟಿದ್ದು ಯಾರು? ಮಾತ್ರೆ ತೆಗೆದುಕೊಂಡಿದ್ದು ಯಾರು ನೆನಪಿಸಿದಾಗ?" ಎಂದು ಕೇಳಿ. ಎಫ್‌ಎಕ್ಯು ಎಂಬ, ದಿನದ ಕೆಲಸಗಳ ಪ್ರಶ್ನಾಪಟ್ಟಿಯಲ್ಲಿ ಇಂಥ 10 ಕೆಲಸಗಳಿವೆ. ಸಲೀಸಾಗಿ ಮಾಡಿದರೆ 0, ಕಷ್ಟಪಟ್ಟು ತಾವೇ ಮಾಡಿದರೆ 1, ನೆರವು ಬೇಕಾದರೆ 2, ಪೂರ್ತಿ ಪರರ ಮೇಲೆ ಬಿಟ್ಟರೆ 3. ಒಟ್ಟು 9 ದಾಟಿದರೆ ಕಾಳಜಿಯ ಮಾತು. ಎಂದೂ ಅಡುಗೆ ಮಾಡದವರಿಗೆ 3 ಹಾಕಬೇಡಿ; ಈಗ ಮಾಡಬಲ್ಲರು ಎನಿಸಿದರೆ 0, ಕಷ್ಟವಾದೀತು ಎನಿಸಿದರೆ 1. ಮಂಡಿನೋವಿನಿಂದ ಅಂಗಡಿಗೆ ಹೋಗದಿರುವುದು ಮರೆವಲ್ಲ.

ಕೊನೆಗೆ ಡಿಮೆನ್ಷಿಯಾದ ತೀವ್ರತೆ ಗುರುತಿಸಲು ಸಿಡಿಆರ್ ಎಂಬ ಅಳತೆಪಟ್ಟಿ. ನೆನಪು, ಸ್ಥಳ-ಕಾಲದ ಅರಿವು, ವಿವೇಚನೆ, ಹೊರಗಿನ ವ್ಯವಹಾರ, ಮನೆಗೆಲಸ, ಸ್ವಂತ ಆರೈಕೆ ಎಂಬ ಆರು ಅಂಶಗಳಲ್ಲಿ ನೆನಪಿಗೇ ಹೆಚ್ಚು ತೂಕ. 0 ಎಂದರೆ ಸಹಜ, 0.5 ಸಂಶಯದ ಹಂತ, 1 ಸೌಮ್ಯ, 2 ಮಧ್ಯಮ, 3 ತೀವ್ರ. ಅಂಕ ಕುಸಿದರೂ ಸ್ವಾವಲಂಬನೆ ಉಳಿದಿದ್ದರೆ ಅದು ಡಿಮೆನ್ಷಿಯಾಕ್ಕೆ ಮುಂಚಿನ ಸೌಮ್ಯ ಅರಿವಿನ ಕುಂದು ಇರಬಹುದು.

ಆರು ತಿಂಗಳಿಂದ ಒಂದು ವರ್ಷದ ಬಳಿಕ ಮತ್ತೆ ಅಳೆಯುವಾಗ ಮೋಕಾದ ಬೇರೆ ಆವೃತ್ತಿ ಬಳಸಿ. ಹಳೆಯ ಪದಗಳೇ ಬಂದರೆ ಅಂಕ ಸುಳ್ಳಾಗಿ ಏರುತ್ತದೆ. ಮಾಹಿತಿ ಕೊಡುವ ಮನೆಯವರು ಮಾತ್ರ ಮೊದಲ ಸಲ ಕೊಟ್ಟವರೇ ಆಗಿರಲಿ.