ಕಾಸರಗೋಡಿನಲ್ಲಿ ಉಲ್ಕಾವರ್ಷ ನೋಡುವ ಬಗೆ

ಆಗಸ್ಟ್ 12-13ರ ಪರ್ಸೀಡ್ ಉಲ್ಕಾವರ್ಷವು (ಉಲ್ಕೆಗಳ ಸುರಿಮಳೆ) ಜಗತ್ತಿನಲ್ಲೆಲ್ಲ ಹೆಸರುವಾಸಿಯಾಗಿದ್ದರೂ ಕಾಸರಗೋಡಿನವರಿಗೆ ಆಗ ಮಳೆಗಾಲದ ಮೋಡವೇ ಅಡ್ಡಿಯಾಗುವುದರಿಂದ, ನಮ್ಮೂರಿಗೆ ಹೇಳಿಮಾಡಿಸಿದ್ದು ಡಿಸೆಂಬರ್ 13-14ರ ರಾತ್ರಿಯ ಜೆಮಿನಿಡ್ ಎಂದೇ ನನ್ನ ಅಭಿಪ್ರಾಯ. ಫೇಥನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಕಣಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ವಾತಾವರಣವನ್ನು ಹೊಕ್ಕು ಬೆಳಗುತ್ತವೆ. ಈ ಉಲ್ಕೆಗಳು ಹೊಮ್ಮಿದಂತೆ ತೋರುವ ಮಿಥುನ ರಾಶಿಯು ರಾತ್ರಿ ಎಂಟರ ನಂತರ ಈಶಾನ್ಯದಲ್ಲಿ ಮೇಲೇರಿ ಎರಡು ಗಂಟೆಯ ಸುಮಾರಿಗೆ ನೆತ್ತಿಯ ಸಮೀಪಕ್ಕೆ ಬರುತ್ತದೆ. ಉಲ್ಕೆಗಳು ಹೆಚ್ಚಾಗಿ ಕಾಣುವುದು ಆಗಲೇ. ಸಂಪೂರ್ಣ ಕತ್ತಲ ಆಕಾಶದಲ್ಲಿ ಗಂಟೆಗೆ ನೂರಕ್ಕೂ ಮಿಕ್ಕಿ ಕಾಣಬಹುದಾದರೂ ಊರಿನ ದೀಪಗಳ ನಡುವೆ ಅದರ ಸಣ್ಣ ಪಾಲಷ್ಟೇ ದಕ್ಕುತ್ತದೆ.

ಹೊರಡುವ ಮುನ್ನ ಪಂಚಾಂಗದಲ್ಲಿ ತಿಥಿ ನೋಡಬೇಕು. ಹುಣ್ಣಿಮೆಯ ಆಸುಪಾಸಿನಲ್ಲಿ ಮಸುಕಾದ ಉಲ್ಕೆಗಳು ಬೆಳದಿಂಗಳಲ್ಲಿ ಮರೆಯಾಗುತ್ತವೆ. ಅಡಕೆ ತೋಟದೊಳಗೆ ಆಕಾಶ ತುಣುಕಾಗಿಯಷ್ಟೇ ಕಾಣುವುದರಿಂದ ಮುರಕಲ್ಲಿನ ಪದವು (ಎತ್ತರದ ಬಯಲು), ಕೊಯ್ಲಾದ ಗದ್ದೆ ಅಥವಾ ದೀಪಗಳಿಲ್ಲದ ಕಡಲತೀರವೇ ಲೇಸು. ಪೊಸಡಿಗುಂಪೆಯಂಥ ಗುಡ್ಡಕ್ಕೆ ಹೋಗುವವರು ಹಗಲಲ್ಲೇ ದಾರಿ ನೋಡಿಟ್ಟುಕೊಂಡು, ಜೊತೆಗಾರರೊಂದಿಗೆ ಹೋಗಬೇಕು.

ದುರ್ಬೀನು ಬೇಡ, ಅದು ನೋಟವನ್ನು ಕಿರಿದಾಗಿಸುತ್ತದೆ. ಚಾಪೆ ಹಾಸಿ ಮಲಗಿ, ಇಬ್ಬನಿಗೆ ಹೊದಿಕೆಯಿಟ್ಟುಕೊಂಡು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಕೊಡಿ. ಮೊಬೈಲನ್ನು ಒಮ್ಮೆ ನೋಡಿದರೂ ಆ ಹೊಂದಿಕೆ ಕೆಡುತ್ತದೆ, ಆದ್ದರಿಂದ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಅದನ್ನೇ ಬಳಸಿರಿ.

ಮೇ 5-6ರ ಮುಂಜಾವಿನಲ್ಲಿ ಹ್ಯಾಲಿ ಧೂಮಕೇತುವಿನ ಧೂಳಿನಿಂದಾಗುವ ಈಟಾ ಅಕ್ವೇರಿಡ್ ಕೂಡ ಇಲ್ಲಿಗೆ ಅನುಕೂಲಕರವೇ. ಅದಕ್ಕಾಗಿ ಮೂರೂವರೆಯಿಂದ ಬೆಳಕು ಹರಿಯುವವರೆಗೆ ಪೂರ್ವ ದಿಕ್ಕು ತೆರೆದಿರುವ ಜಾಗದಲ್ಲಿರಬೇಕು.