ಗಲ್ಫ್ ಬಿಟ್ಟು ಊರಿಗೆ ಬರುವವರೇ, ಮಕ್ಕಳ ಶಾಲೆ ಗೊತ್ತು ಮಾಡುವ ಮೊದಲು

ಮಾರ್ಚ್ ಬಂತೆಂದರೆ ದುಬೈ, ಕುವೈತ್, ಮಸ್ಕತ್‌ಗಳಿಂದ ನನಗೆ ಫೋನ್ ಶುರುವಾಗುತ್ತದೆ. "ಅಕ್ಕ, ಈ ವರ್ಷ ಮಕ್ಕಳನ್ನು ಕರಕೊಂಡು ಊರಿಗೆ ಬರುವುದೆಂದು ಉಂಟು. ಶಾಲೆ ಯಾವುದು ಒಳ್ಳೆಯದು?" ಕೇಳುವವರು ಅಷ್ಟರಲ್ಲಿ ಅರ್ಧ ತೀರ್ಮಾನ ಮಾಡಿಯೇ ಇರುತ್ತಾರೆ. ಅಲ್ಲಿ ಸಿಬಿಎಸ್‌ಇ, ಹಾಗಾಗಿ ಇಲ್ಲಿಯೂ ಸಿಬಿಎಸ್‌ಇ. ಅಲ್ಲಿ ಸ್ಕೂಲ್ ಬಸ್ಸು, ಇಲ್ಲಿಯೂ ಬಸ್ಸು. ನಾವು ಅಬುಧಾಬಿ ಬಿಟ್ಟು ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಮನೆ ಮಾಡಿ ವರ್ಷಗಳಾದವು. ದೊಡ್ಡ ಮಗಳು ಖಾಸಗಿ ಸಿಬಿಎಸ್‌ಇ ಶಾಲೆಯಲ್ಲಿ ಓದಿದವಳು, ಸಣ್ಣವನು ಮನೆ ಹತ್ತಿರದ ಅನುದಾನಿತ ಶಾಲೆಯಲ್ಲಿ ಓದಿದವನು. ಎರಡನ್ನೂ ಕಂಡವಳಾಗಿ ನಾನು ಹೇಳುವುದು ಇಷ್ಟು: ಸಿಲೆಬಸ್ ನೋಡುವ ಮೊದಲು ದಾರಿ ನೋಡಿ. ಮಗು ನಡೆದು ಹೋಗಬಹುದಾದ ಶಾಲೆ ಯಾವುದುಂಟು, ಮೊದಲು ಅಲ್ಲಿಗೆ ಹೋಗಿ ಬನ್ನಿ.

ಗಲ್ಫ್‌ನಲ್ಲಿ ನಮಗೆ ಆಯ್ಕೆ ಎಂಬುದೇ ಇರಲಿಲ್ಲ. ಅಲ್ಲಿನ ಸರಕಾರಿ ಶಾಲೆ ಅರಬಿ ಮಾಧ್ಯಮದ್ದು, ಮುಖ್ಯವಾಗಿ ಆ ದೇಶದ ಮಕ್ಕಳಿಗೆ ಇರುವುದು. ನಮಗೆ ಸಿಗುವುದು ಫೀಸು ಕಟ್ಟಿ ಕಲಿಸುವ ಇಂಡಿಯನ್ ಸ್ಕೂಲ್. ಬಸ್ಸಿನಲ್ಲಿ ಹೋಗುವುದು, ಬಸ್ಸಿನಲ್ಲಿ ಬರುವುದು, ಲಿಫ್ಟ್ ಹತ್ತಿ ಫ್ಲ್ಯಾಟ್ ಸೇರುವುದು. ಮಕ್ಕಳಿಗೆ ಗೆಳೆಯರಿದ್ದರು, ನೆರೆಕರೆ ಇರಲಿಲ್ಲ. ಊರಿಗೆ ಬರುವುದೇ ಆ ನೆರೆಕರೆ ಬೇಕು ಅಂತ ಅಲ್ಲವೇ? ಅಜ್ಜ ಅಜ್ಜಿ, ತೋಟ, ಕೋಲ, ತೇರು, ಮಳೆಗಾಲ. ಬಂದ ಮೇಲೆ ಮಗುವನ್ನು ಬೆಳಿಗ್ಗೆ ಏಳಕ್ಕೆ ವ್ಯಾನಿಗೆ ಹತ್ತಿಸಿ ಸಂಜೆ ಐದಕ್ಕೆ ಇಳಿಸಿಕೊಂಡು ಟ್ಯೂಷನ್ನಿಗೆ ಕಳಿಸಿದರೆ ಆ ಮಗು ಊರಿಗೆ ಬಂದದ್ದು ಯಾವಾಗ? ನನ್ನ ಮಗಳಿಗೆ ಓದು ಚೆನ್ನಾಗಿ ಬಂತು, ಟೀಚರುಗಳು ಪ್ರೀತಿಯಿಂದ ಕಲಿಸಿದರು, ಆ ಶಾಲೆಯ ಬಗ್ಗೆ ನನ್ನ ದೂರು ಏನೂ ಇಲ್ಲ. ಆದರೆ ನಮ್ಮ ಬೀದಿಯ ನಾಲ್ಕು ಮನೆಯಾಚೆಯ ಮಕ್ಕಳ ಹೆಸರು ಅವಳಿಗೆ ಬಹಳ ಕಾಲ ಗೊತ್ತಿರಲಿಲ್ಲ. ತಮ್ಮನಿಗೆ ಒಂದು ಮಳೆಗಾಲದೊಳಗೆ ಎಲ್ಲರೂ ಪರಿಚಯ. ಯಾರ ಮನೆ ನಾಯಿ ಕಚ್ಚುತ್ತದೆ, ಯಾರ ಮನೆ ಪೇರಳೆ ಸಿಹಿ, ಎಲ್ಲ ಅವನಿಗೆ ಗೊತ್ತು.

ಊರಲ್ಲಿ ಶಾಲೆ ಮೂರು ಬಗೆ: ಸರಕಾರಿ, ಅನುದಾನಿತ, ಖಾಸಗಿ. ಮಧ್ಯದ್ದನ್ನು ಹೊಸಬರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಟ್ಟಡ, ಆಡಳಿತ ಒಂದು ಸಂಸ್ಥೆಯದ್ದು, ಖಾಯಂ ಶಿಕ್ಷಕರ ಸಂಬಳ ಸರಕಾರದ್ದು. ಅದೇ ಅನುದಾನಿತ. ನಮ್ಮ ಕರಾವಳಿಯ ಓದಿನ ಬೇರು ಇರುವುದೇ ಇಂಥ ಸಂಸ್ಥೆಗಳಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಶಾಲೆ ತೆರೆದರು. 1880ರಲ್ಲಿ ಜೆಸ್ವಿಟ್ ಪಾದ್ರಿಗಳ ಸಂತ ಅಲೋಶಿಯಸ್ ಕಾಲೇಜು ಬಂತು. ಮುಂದೆ ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ಅದಕ್ಕೂ ಮೊದಲು, 1891ರಲ್ಲಿ, ಕಟ್ಟಿದ್ದು ಕೆನರಾ ಹೈಸ್ಕೂಲು. ಯಾರೂ ಒಳಗೆ ಸೇರಿಸದಿದ್ದ ದಲಿತ ಮಕ್ಕಳಿಗೆಂದು ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಶಾಲೆ ತೆರೆದು ಜಾತಿಯವರಿಂದ ಬಹಿಷ್ಕಾರ ಉಂಡರು. ನಮ್ಮ ಕಾಲದಲ್ಲೇ ಕಿತ್ತಳೆ ಮಾರಿ ಕೂಡಿಟ್ಟ ದುಡ್ಡು ಹಾಕಿ, ಕಚೇರಿಯಿಂದ ಕಚೇರಿಗೆ ಅಲೆದು, ಮಂಗಳೂರು ಬಳಿಯ ನ್ಯೂಪಡ್ಪುವಿನಲ್ಲಿ ಸರಕಾರಿ ಶಾಲೆ ಮಾಡಿಸಿದವರು ಹರೇಕಳ ಹಾಜಬ್ಬ. ಒಬ್ಬ ವಿದೇಶಿ ಇಂಗ್ಲಿಷಿನಲ್ಲಿ ಹಣ್ಣಿನ ಕ್ರಯ ಕೇಳಿದಾಗ ಉತ್ತರ ಕೊಡಲಾಗದ ನೋವಿನಿಂದ ಹೊರಟ ಮನುಷ್ಯ. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಇಂಥವರು ಕಟ್ಟಿದ ಊರಿನಲ್ಲಿ "ಅಯ್ಯೋ, ಸರಕಾರಿ ಶಾಲೆಯಾ?" ಎಂದು ಮೂಗು ಮುರಿಯುವುದು ನನಗೆ ಸಹಿಸಲಾಗುವುದಿಲ್ಲ.

ಮಟ್ಟದ ಭಯ ಇದ್ದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಿ. 2024ರಲ್ಲಿ ರಾಜ್ಯಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಈ ಲೆಕ್ಕದಲ್ಲಿ ಹಳ್ಳಿಯ ಸರಕಾರಿ ಹೈಸ್ಕೂಲುಗಳ ಮಕ್ಕಳೂ ಸೇರಿದ್ದಾರೆ.

ಹಾಗೆಂದು ಕಣ್ಣು ಮುಚ್ಚಿ ಸೇರಿಸಿ ಅಂತ ನಾನು ಹೇಳುವುದಿಲ್ಲ. ಹೋದಲ್ಲಿ ಮೊದಲು ಕೇಳಬೇಕಾದದ್ದು ಟೀಚರುಗಳ ಲೆಕ್ಕ. ಖಾಯಂ ಎಷ್ಟು ಜನ, ಅತಿಥಿ ಶಿಕ್ಷಕರು ಎಷ್ಟು? ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ತುಂಬದೆ ಆಡಳಿತ ಮಂಡಳಿಯೇ ಗೌರವಧನ ಕೊಟ್ಟು ಯಾರನ್ನಾದರೂ ಇಟ್ಟುಕೊಂಡಿರುತ್ತದೆ. ಗಣಿತಕ್ಕೆ, ಇಂಗ್ಲಿಷಿಗೆ ಯಾರು ಎಂದು ಹೆಸರು ಹಿಡಿದು ಕೇಳಿ. ನನ್ನ ನಾದಿನಿಯ ಮಗಳ ಶಾಲೆಯಲ್ಲಿ ಒಂದು ವರ್ಷವಿಡೀ ಗಣಿತಕ್ಕೆ ಟೀಚರ್ ಇರಲಿಲ್ಲ. ಮಗು ಅದನ್ನು ಇಂದಿಗೂ ಹಿಡಿಯಲು ಒದ್ದಾಡುತ್ತಾಳೆ. ಒಂದು, ಎರಡು, ಮೂರನೆಯ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿದ್ದರೆ ಮಾತ್ರ ಗಾಬರಿ ಬೇಡ, ಅದು ಆಟವಾಡುತ್ತ ಕಲಿಸುವ ನಲಿಕಲಿ ಕ್ರಮ, ಉದ್ದೇಶಪಟ್ಟೇ ಹಾಗೆ ಕೂರಿಸುವುದು. ಐದನೆಯದ್ದೂ ಆರನೆಯದ್ದೂ ಒಟ್ಟಿಗೆ ಕೂತಿದ್ದರೆ ಕಾರಣ ಕೇಳಿ. ಸಾಧ್ಯವಿದ್ದರೆ ಒಮ್ಮೆ ಜುಲೈಯಲ್ಲಿ ಹೋಗಿ ನೋಡಿ. ಏಪ್ರಿಲ್‌ನಲ್ಲಿ ಎಲ್ಲ ಶಾಲೆಯೂ ಚಂದ. ಮಾಡು ಸೋರುತ್ತದೋ, ಶೌಚಾಲಯಕ್ಕೆ ಮಕ್ಕಳು ನೆನೆಯದೆ ಹೋಗಬಹುದೋ ತಿಳಿಯುವುದು ಆಟಿ ತಿಂಗಳ, ಎಂದರೆ ಆಷಾಢದ, ಮಳೆಯಲ್ಲಿ. ಮತ್ತೆ ಹಳೆ ವಿದ್ಯಾರ್ಥಿ ಸಂಘ ಹೇಗುಂಟು ವಿಚಾರಿಸಿ. ಅದು ಗಟ್ಟಿಯಿರುವ ಕಡೆ ಪೇಂಟು, ಕಂಪ್ಯೂಟರ್, ವಾಹನ ಎಲ್ಲ ಹೇಗಾದರೂ ಆಗುತ್ತದೆ.

ಇಂಗ್ಲಿಷ್ ಮಾಧ್ಯಮವೇ ಬೇಕು ಎನ್ನುವವರಿಗೆ: 2019-20ರಿಂದ ಆಯ್ದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ಶುರುವಾಗಿದೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳೂ ಉಂಟು. ಇವುಗಳಲ್ಲಿ ಹತ್ತಿರದ್ದು ಯಾವುದೆಂದು ವಿಚಾರಿಸದೆ ಡೊನೇಷನ್ ಕಟ್ಟಬೇಡಿ.

ಕನ್ನಡದ ವಿಷಯ ಸ್ವಲ್ಪ ಉದ್ದಕ್ಕೇ ಹೇಳಬೇಕು. ಮನೆಯಲ್ಲಿ ಕನ್ನಡ ಮಾತಾಡುವ ಗಲ್ಫ್ ಮಗುವಿಗೆ ಕನ್ನಡ ಬರುತ್ತದೆ ಎಂದು ನಾವು ನಂಬಿರುತ್ತೇವೆ. ಇಲ್ಲಿ ಬಂದು ಐದನೆಯ ತರಗತಿಯ ಪುಸ್ತಕ ತೆರೆದರೆ ಒತ್ತಕ್ಷರದಲ್ಲಿ ನಿಂತುಹೋಗುತ್ತದೆ. ಮಾತಿನಲ್ಲಿ ಚುರುಕಾದ ಮಗು ಓದಲಿಕ್ಕೆ ಎದ್ದು ನಿಂತಾಗ ಬಾಯಿ ಬಿಡುವುದಿಲ್ಲ. ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಹೇಳುತ್ತದೆ. ಎಂದ ಮೇಲೆ ಯಾವ ಶಾಲೆಗೆ ಹಾಕಿದರೂ ಇದು ತಪ್ಪುವ ಮಾತಲ್ಲ. ಹೊರಡುವ ಒಂದು ವರ್ಷ ಮೊದಲೇ ಕಾಪಿ ಪುಸ್ತಕ ತರಿಸಿ ಶುರು ಮಾಡಿ. ದುಬೈಯಲ್ಲಿರುವವರಿಗೆ ಅಲ್ಲಿನ ಕನ್ನಡ ಪಾಠಶಾಲೆ ಉಂಟು. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಸಂಸ್ಕೃತ ತೆಗೆದುಕೊಂಡರೆ ಪೂರ್ತಿ ಬರುತ್ತದೆ ಎಂದು ಸಲಹೆ ಕೊಡುವವರು ಬಹಳ ಸಿಗುತ್ತಾರೆ. ಸಂಸ್ಕೃತದ ಮೇಲೆ ಪ್ರೀತಿಯಿದ್ದು ಕಲಿತರೆ ಸಂತೋಷ. ಬರೀ ಅಂಕಕ್ಕಾಗಿ ಕನ್ನಡವನ್ನು ಹಿಂದೆ ತಳ್ಳಿ, ಅಜ್ಜನ ಕಪಾಟಿನ ಪುಸ್ತಕ ಓದಲಾಗದ ಮಗುವನ್ನು ಬೆಳೆಸುವುದಾದರೆ ಊರಿಗೆ ಯಾಕೆ ಬಂದೆವು ಎಂದು ನನಗೆ ಅನಿಸುತ್ತದೆ.

ತುಳುವಿಗೆ ನೀವೇನೂ ಮಾಡಬೇಕಾಗಿಲ್ಲ, ಆಟದ ಬಯಲು ಕಲಿಸುತ್ತದೆ. ಸರಕಾರಿ, ಅನುದಾನಿತ ಶಾಲೆಗಳ ಬಯಲಿನಲ್ಲಿ ತುಳು, ಬ್ಯಾರಿ, ಕೊಂಕಣಿ, ನಮ್ಮಲ್ಲಿಂದ ಬಡಗಕ್ಕೆ ಹೋದರೆ ಕುಂದಾಪ್ರ ಕನ್ನಡ, ಎಲ್ಲ ಒಟ್ಟಿಗೆ ಓಡಾಡುತ್ತವೆ. ಕೆಲವು ಶಾಲೆಗಳಲ್ಲಿ ತುಳುವನ್ನು ಮೂರನೆಯ ಭಾಷೆಯಾಗಿ ಪಾಠವನ್ನೇ ಮಾಡುತ್ತಾರೆ. ಉಡುಪಿಯ ಕಡೆ ಯಕ್ಷಶಿಕ್ಷಣ ಟ್ರಸ್ಟ್‌ನವರು ಹೈಸ್ಕೂಲುಗಳಲ್ಲಿ ಯಕ್ಷಗಾನದ ಹೆಜ್ಜೆ ಕಲಿಸಿ ವೇಷ ಕಟ್ಟಿಸಿ ರಂಗಕ್ಕೆ ತರುತ್ತಾರೆ, ಹೆಣ್ಣುಮಕ್ಕಳನ್ನೂ ಸೇರಿಸಿ. ಗಲ್ಫ್‌ನಲ್ಲಿ ಇದಕ್ಕೆಂದು ಎಷ್ಟು ದೂರ ಕಾರು ಓಡಿಸುತ್ತಿದ್ದೆವು ಎಂದು ನೆನಪು ಮಾಡಿಕೊಳ್ಳಿ.

ಕಾಗದಪತ್ರ: ಟಿಸಿಗೆ (ಶಾಲೆ ಬಿಟ್ಟ ವರ್ಗಾವಣೆ ಪತ್ರ) ಅಲ್ಲಿಂದಲೇ ದೃಢೀಕರಣದ ಮೊಹರು ಹಾಕಿಸಿಕೊಂಡು ಬನ್ನಿ, ಜನನ ಪತ್ರ, ಆಧಾರ್ ತಯಾರಿಡಿ, ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. ಉಳಿದದ್ದು ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಹೇಳುತ್ತಾರೆ.

ಬರುವ ವರ್ಷ ಆರಿಸುವಾಗ ಒಂದು ಲೆಕ್ಕ ತಲೆಯಲ್ಲಿರಲಿ. ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಕರ್ನಾಟಕದ ಸೀಟಿಗೆ ಅರ್ಹರಾಗಲು ಇರುವ ಮುಖ್ಯ ದಾರಿ ಎಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಇಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಎಂದರೆ ಆರನೆಯ ತರಗತಿಗೆ ಬಂದರೆ ಸರಿಹೋಗುತ್ತದೆ. ತಂದೆ ತಾಯಿ ಇಲ್ಲಿ ಓದಿದವರಾದರೆ ಬೇರೆ ದಾರಿಯೂ ಉಂಟು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಪಿಡಿ ಓದಿಕೊಳ್ಳಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಮೀಸಲಾತಿ ಇರುವುದನ್ನೂ ಮರೆಯಬೇಡಿ.

ನನ್ನನ್ನು ಸುಡುವ ಸಂಗತಿ ಇನ್ನೊಂದುಂಟು. ನಾವು ಕಲಿತ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುತ್ತಿವೆ. ಶತಮಾನೋತ್ಸವ ಎಂದರೆ ಗಲ್ಫ್‌ನಿಂದ ದೇಣಿಗೆ ಬರುತ್ತದೆ, ರಂಗಮಂಟಪಕ್ಕೆ ಹೆಸರು ಬರೆಯುತ್ತಾರೆ, ಫೋಟೋ ಬರುತ್ತದೆ. ಮರು ವರ್ಷ ಒಂದನೇ ತರಗತಿಗೆ ಸೇರಿಸಲು ಮಗು ಇರುವುದಿಲ್ಲ. ಶಾಲೆಗೆ ಬೇಕಿದ್ದದ್ದು ನಮ್ಮ ಮಕ್ಕಳು. ಓದಿದ, ನಾಲ್ಕು ಊರು ಕಂಡ ತಂದೆ ತಾಯಂದಿರು ಶಾಲೆಯ ಪೋಷಕರ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಕೂತು "ಗಣಿತದ ಟೀಚರ್ ಯಾವಾಗ ಬರುತ್ತಾರೆ?" ಎಂದು ಕೇಳಿದರೆ ಮೇಲಿನವರು ಉತ್ತರ ಕೊಡಲೇಬೇಕಾಗುತ್ತದೆ. ನಾವು ಬಿಟ್ಟು ಹೋದಲ್ಲಿ ಉಳಿಯುವುದು ದನಿ ಎತ್ತಲು ಪುರುಸೊತ್ತಿಲ್ಲದವರ ಮಕ್ಕಳು. ಗಂಡ ಅಲ್ಲೇ ಇದ್ದು ಹೆಂಡತಿ ಒಬ್ಬಳೇ ಮಕ್ಕಳೊಂದಿಗೆ ಬರುವ ಮನೆಗಳೇ ನಮ್ಮಲ್ಲಿ ಹೆಚ್ಚು. ಆ ತಾಯಂದಿರಿಗೂ ಹೇಳುತ್ತೇನೆ, ಹತ್ತಿರದ ಶಾಲೆ ನಿಮಗೂ ಜನ ಕೊಡುತ್ತದೆ. ಮಗುವಿಗೆ ಜ್ವರ ಬಂದ ದಿನ ಮನೆವರೆಗೆ ಬಿಟ್ಟು ಹೋಗುವ ಟೀಚರ್ ಸಿಗುತ್ತಾರೆ.

ವಿಶೇಷ ಅಗತ್ಯದ ಮಗು, ಪದೇ ಪದೇ ವರ್ಗವಾಗುವ ಕೆಲಸ, ಎರಡು ವರ್ಷದಲ್ಲಿ ಮತ್ತೆ ಗಲ್ಫ್‌ಗೆ ಹೋಗುವುದು ಖಾತ್ರಿ ಎಂಬ ಸ್ಥಿತಿ, ಇಂಥ ಕಡೆ ಖಾಸಗಿ ಅಥವಾ ಸಿಬಿಎಸ್‌ಇ ಶಾಲೆಯೇ ಅನುಕೂಲ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಹೋಗುವುದು ಖಾತ್ರಿಯಿಲ್ಲದವರು ರಾಜ್ಯದ ಸಿಲೆಬಸ್‌ಗೆ ಹೆದರಬೇಡಿ. ಎಂಟರವರೆಗೆ ಆಚೆಗೂ ಈಚೆಗೂ ಮಗು ಹೊಂದಿಕೊಳ್ಳುತ್ತದೆ. ಸಿಬಿಎಸ್‌ಇಯಲ್ಲಿ ಹತ್ತರ ಪರೀಕ್ಷೆಗೆ ನೋಂದಣಿ ಒಂಬತ್ತರಲ್ಲೇ ಆಗುವುದರಿಂದ, ಹೋಗುವುದಿದ್ದರೆ ಎಂಟು ಮುಗಿಸಿ ಹೋಗಿ. ಒಂಬತ್ತು ಶುರುವಾದ ಮೇಲೆ ಹತ್ತು ಮುಗಿಯುವವರೆಗೆ ಮಗುವನ್ನು ಅಲ್ಲಿಂದ ಕದಲಿಸಬೇಡಿ.